ಹೊಗಳಬಾರದ ಬಂಗಲೆ

ನಮ್ಮೂರಿನಲ್ಲಿ ದೊಡ್ಡ ಬಂಗಲೆಯ ಎದುರು ನಿಂತು ಯಾರೂ ಅದನ್ನು ಹೊಗಳುವುದಿಲ್ಲ. ಹೊಗಳಿದರೆ ಬೆಳೆಯುತ್ತದೆ. ಬೇರೆ ಊರಿನವರು ಗೊತ್ತಿಲ್ಲದೆ ‘ಅಬ್ಬಾ, ಎಂಥ ಕಮಾನು!’ ಅಂದುಬಿಟ್ಟರೆ ಕಮಾನು ಅಲ್ಲೇ, ಅವರ ಕಣ್ಣೆದುರೇ, ಒಂದು ಬೆರಳಿನಷ್ಟು ಉಬ್ಬುತ್ತದೆ. ಆದ್ದರಿಂದ ಅಂಥ ಮಾತು ಬಿದ್ದ ತಕ್ಷಣ ಯಾರಾದರೂ ಮುಂದೆ ಬಂದು ಅದರ ಮೇಲೊಂದು ಬೈಗುಳ ಹಾಕಬೇಕು. ಆ ಯಾರಾದರೂ ಅನ್ನುವವಳು ನಾನೇ. ಪುರಸಭೆಯ ಕಾಗದದಲ್ಲಿ ನನ್ನ ಹುದ್ದೆ ‘ಮ್ಯೂಸಿಯಂ ಗೈಡ್’. ಊರವರ ಬಾಯಲ್ಲಿ ನಾನು ಬಯ್ಯೋ ಚೆನ್ನಾಜಮ್ಮ. ಇಪ್ಪತ್ತಮೂರು ವರ್ಷದಿಂದ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಸೋಮವಾರ ಒಂದು ಬಿಟ್ಟು, ಒಂದು ಮನೆಯನ್ನು ಬಯ್ಯುವುದೇ ನನ್ನ ಉದ್ಯೋಗ. ಇಂಥ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ?

ಕೆಲಸ ಹೊರಗಿನಿಂದ ಕಂಡಷ್ಟು ಸುಲಭವಲ್ಲ. ಹೊಗಳಿಕೆ ಎಷ್ಟು ತೂಕದ್ದೋ ಬೈಗುಳವೂ ಅಷ್ಟೇ ತೂಕದ್ದಾಗಿರಬೇಕು. ‘ಮೆಟ್ಟಿಲು ಚೆನ್ನಾಗಿದೆ’ ಅಂದವರಿಗೆ ‘ಮೂರನೆಯದು ಅಲ್ಲಾಡುತ್ತದೆ, ಜೋಪಾನ’ ಅಂದರೆ ಸಾಕು. ‘ಅರಮನೆ ಇದ್ದ ಹಾಗಿದೆ’ ಅಂದವರ ಬೆನ್ನಿಗೆ ‘ಹೌದೌದು, ಮಳೆ ಬಂದರೆ ಹನ್ನೊಂದು ಕಡೆ ಪಾತ್ರೆ ಇಡಬೇಕು ಆ ಅರಮನೆಗೆ’ ಅನ್ನಬೇಕು. ಮಾತು ಕಡಿಮೆಯಾದರೆ ಗೋಡೆ ಉಬ್ಬಿ ಪಕ್ಕದ ಅಂಚೆ ಕಚೇರಿಗೆ ತಾಗುತ್ತದೆ. ಹೆಚ್ಚಾದರೆ ಬಾಗಿಲು ಕುಗ್ಗಿ, ನೆಟ್ಟಗೆ ಒಳಗೆ ಹೋದವರು ತೆವಳಿಕೊಂಡು ಹೊರಗೆ ಬರಬೇಕಾಗುತ್ತದೆ. ಶಾಲೆಯ ಪ್ರವಾಸ ಬರುವ ಮೇಷ್ಟ್ರುಗಳಿಂದ ತೊಂದರೆಯಿಲ್ಲ, ಅವರು ಮನೆ ನೋಡುವುದಿಲ್ಲ, ಮಕ್ಕಳ ತಲೆ ಎಣಿಸುತ್ತಿರುತ್ತಾರೆ. ಕಾಟ ಕೊಡುವವರು ಹೊಸದಾಗಿ ಮದುವೆಯಾದವರು. ಅವರಿಗೆ ಬಣ್ಣದ ಗಾಜೂ ಚಂದ, ಬಾಗಿಲ ಚಿಲಕವೂ ಚಂದ, ಮೂಲೆಯ ಜೇಡರ ಬಲೆಯೂ ಚಂದ. ಒಂದು ಸಲ ಒಬ್ಬಳು ಮದುಮಗಳು ಸ್ನಾನದ ಕೋಣೆಯ ತಾಮ್ರದ ತೊಟ್ಟಿಯೊಳಗೆ ಗಂಡನ ಜೊತೆ ಇಳಿದು ‘ಇದರಲ್ಲೇ ಸಂಸಾರ ಮಾಡಬಹುದು’ ಅಂದಳು. ಅವರಿಬ್ಬರನ್ನೂ ಹೊರಗೆ ತೆಗೆಯಲು ಏಣಿ ತರಿಸಬೇಕಾಯಿತು.

ಚರಿತ್ರೆ ಹೇಳುವಾಗಲೂ ನಾನು ಮೈಯೆಲ್ಲ ಕಿವಿಯಾಗಿರುತ್ತೇನೆ. ಭೂಮಿ ಅಳೆಯುವ ಇಲಾಖೆಯ ವಿಲ್ಮಾಟ್ ದೊರೆ ಇಲ್ಲಿಗೆ ಬಂದಾಗ ಕಟ್ಟಿಸಿದ್ದು ಮೂರು ಕೋಣೆ, ಒಂದು ವೆರಾಂಡಾ, ಹಿತ್ತಲಲ್ಲಿ ಅಡುಗೆಮನೆ. ಗಾರೆ ಗೋಡೆ, ಹೆಂಚಿನ ಮಾಡು, ಅಷ್ಟೇ. ಆಮೇಲೆ ಅರ್ಜಿ ಹಿಡಿದವರು ಬರತೊಡಗಿದರು. ಅರ್ಜಿ ಕೊಡುವ ಮುನ್ನ ದೊರೆಯ ಮನೆಯನ್ನು ನಾಲ್ಕು ಮಾತು ಕೊಂಡಾಡುವುದು ಆಗಿನ ಪದ್ಧತಿ. ಕೆರೆಯ ತೂಬು ರಿಪೇರಿಯಾಗಲಿ ಎಂದು ಹನ್ನೊಂದು ಹಳ್ಳಿಯ ಗೌಡರು ಒಟ್ಟಿಗೆ ಬಂದು, ಬಿಸಿಲಲ್ಲಿ ನಿಂತು, ಅರ್ಧ ದಿನ ಹೊಗಳಿದ್ದರಿಂದ ಡ್ಯಾನ್ಸ್ ಹಾಲ್ ಬಂತು. ತೂಬು ರಿಪೇರಿಯಾಗಲಿಲ್ಲ. ಗಡಿಕಲ್ಲಿಗಾಗಿ ಜಗಳಾಡುತ್ತಿದ್ದ ಅಣ್ಣತಮ್ಮಂದಿರಿಬ್ಬರು ಪೈಪೋಟಿಯ ಮೇಲೆ ಹೊಗಳಿ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಗೋಪುರ ಎಬ್ಬಿಸಿದರು. ಕಬ್ಬಿಣದ ಸುರುಳಿ ಮೆಟ್ಟಿಲು ಒಬ್ಬ ಕಂಟ್ರಾಕ್ಟರನ ಬಾಯಿಂದ ಬಂದದ್ದು. ಅವನಿಗೆ ಮಾತು ನಿಲ್ಲಿಸಲು ಬರುತ್ತಿರಲಿಲ್ಲವಾದ್ದರಿಂದ ಅದು ಮಾಡನ್ನೂ ದಾಟಿ ಮೇಲಕ್ಕೆ ಹೋಗಿ, ಎಲ್ಲಿಗೂ ಸೇರದೆ ನಿಂತಿದೆ. ಪುಷ್ಯ ಮಾಸದಲ್ಲೂ ಬೆವರು ಹರಿಯುವ ಊರು ನಮ್ಮದು. ಇಲ್ಲಿ ಅಮಲ್ದಾರರೊಬ್ಬರು ‘ಥೇಟ್ ವಿಲಾಯ್ತಿ ಸೀಮೆಯ ಮನೆ, ಮಹಾಸ್ವಾಮಿ’ ಅಂದ ತಪ್ಪಿಗೆ ಆರು ಕೋಣೆಗಳಲ್ಲಿ ಚಳಿ ಕಾಯಿಸುವ ಆರು ಬೆಂಕಿಗೂಡು ಎದ್ದವು. ದೊರೆ ಅವುಗಳೊಳಗೆ ಸೌತೆಕಾಯಿ ಇಡುತ್ತಿದ್ದನಂತೆ.

ದೊರೆಗಳು ಹಡಗು ಹತ್ತಿದ ಮೇಲೆ ನಮ್ಮವರು ಒಂದು ವಾರ ಕೆಲಸಕ್ಕೆ ರಜ ಹಾಕಿ, ಮೂರು ತಲೆಮಾರು ನುಂಗಿಕೊಂಡದ್ದನ್ನೆಲ್ಲ ಬಂಗಲೆಯ ಮುಂದೆ ಕಕ್ಕಿದರು. ಬುಧವಾರದ ಹೊತ್ತಿಗೆ ಡ್ಯಾನ್ಸ್ ಹಾಲ್ ಬೀರುವಿನಷ್ಟಾಯಿತು, ಶನಿವಾರಕ್ಕೆ ಇಡೀ ಬಂಗಲೆ ಒಂದು ಎತ್ತಿನ ಗಾಡಿಯಷ್ಟು. ಆಗ ಯಾರೋ ಮುದುಕಿ, “ಅಯ್ಯೋ ಪಾಪ, ಆ ಬಾಲ್ಕನಿ ಚೆಂದಾಗಿತ್ತು ಕಣ್ರೋ, ನಮ್ಮಪ್ಪ ಹೊಗಳಿದ್ದು” ಅಂದಳಂತೆ. ಬಾಲ್ಕನಿ ವಾಪಸು ಬಂತು. ಅದರ ಹಿಂದೆ ಒಬ್ಬೊಬ್ಬರಾಗಿ ತಂತಮ್ಮ ತಾತಂದಿರ ಪಾಲನ್ನು ಕರೆದುಕೊಂಡರು. ಈಗಲೂ ನಮ್ಮಲ್ಲಿ ಹೆಣ್ಣು ನೋಡಲು ಹೋದವರು ‘ಬಂಗಲೆಯಲ್ಲಿ ನಿಮ್ಮದು ಯಾವುದು?’ ಎಂದು ಮೊದಲು ಕೇಳುತ್ತಾರೆ. ಆ ಬಾಲ್ಕನಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಗುರುಸಿದ್ದಯ್ಯನವರ ಮನೆತನದ್ದು. ಎಂಬತ್ತು ದಾಟಿದ ಅವರು ದಿನಾ ಬಂದು ಅದನ್ನು ಕಣ್ತುಂಬ ನೋಡಿ, ಬಾಯಿಗೆ ವಲ್ಲಿ ಅಡ್ಡ ಹಿಡಿದು ಹೋಗುತ್ತಾರೆ. ಕಿಟಕಿಗಳ ಮೇಲಿನ ಮರದ ಪಟ್ಟಿಯ ಚೂಪು ಟೋಪಿಗಳು ರಸ್ತೆಯಾಚೆಯ ಟೀ ಅಂಗಡಿಯ ಜೈಬುನ್ನಿಸಾಳವು. ಅವಳ ಮುತ್ತಜ್ಜ ದೊರೆಯ ಕುದುರೆಗೆ ಲಾಳ ಕಟ್ಟುತ್ತಿದ್ದವನು, ತಲೆಯ ಮೇಲೆ ಒಂದಿಷ್ಟು ನೆರಳು ಬೀಳಲಿ ಎಂದು ಕಿಟಕಿಯನ್ನು ಹೊಗಳಿದ್ದ. ಪೋರ್ಟಿಕೊ ಒಂದು ಮಾತ್ರ ಯಾರದ್ದೂ ಅಲ್ಲ. ಕುದುರೆಗಾಡಿ ಬಂದು ನಿಲ್ಲಲಿಕ್ಕೆಂದು ಮುಂಬಾಗಿಲಿನ ಎದುರು ನಾಲ್ಕು ಕಂಬದ ಮೇಲೆ ಚಾಚಿಕೊಂಡಿರುವ ಆ ಚಾವಣಿಯನ್ನು ವಿಲ್ಮಾಟ್ ದೊರೆ ತನ್ನನ್ನು ತಾನೇ ಹೊಗಳಿಕೊಂಡು ಎಬ್ಬಿಸಿದನೆಂದು ಹೇಳುತ್ತಾರೆ.

ಗ್ರಹಚಾರ ಆ ಪೋರ್ಟಿಕೊದಿಂದಲೇ ವಕ್ಕರಿಸಿತು. ಒಂದು ಮಂಗಳವಾರ ರಸ್ತೆ ಅಗಲ ಮಾಡುವ ಎಂಜಿನಿಯರ್ ಶ್ರೀಪಾದ ರಾಯರು ಜೀಪಿನಿಂದ ಇಳಿದರು. ತೆಳ್ಳನೆಯ ಮನುಷ್ಯ, ಜೇಬಿನಲ್ಲಿ ಮೂರು ಪೆನ್ನು, ಮುಖದಲ್ಲಿ ಯಾವುದರ ಬಗ್ಗೆಯೂ ಅಭಿಪ್ರಾಯವಿಲ್ಲ. ಅಂಥವರನ್ನು ಕಂಡರೆ ನನಗೆ ಪ್ರಾಣ, ಹೊಗಳುತ್ತಾರೆನ್ನುವ ಭಯವಿರುವುದಿಲ್ಲ. ಅವರು ಟೇಪು ಹಿಡಿದು ಅಳೆದು, ಪೋರ್ಟಿಕೊದ ಮುಂದಿನ ಎರಡು ಕಂಬಗಳಿಗೆ ಕೆಂಪು ಬಣ್ಣದ ಗೀಟು ಹಾಕಿದರು.

“ಇದು ಒಂಬತ್ತಡಿ ರಸ್ತೆಗೆ ಬಂದಿದೆಯಲ್ಲಮ್ಮ.”

“ಬಂದಿರಬಹುದು ಸಾರ್. ಅದಕ್ಕೇನೀಗ?”

“ರಸ್ತೆ ನಲವತ್ತಡಿ ಆಗಬೇಕು. ಒಳಗಿರೋದನ್ನ ತೆಗೀಬೇಕು.”

“ಪೋರ್ಟಿಕೊ ತೆಗೀತೀರಾ?”

“ಹಳೇ ಗಾರೆ ಕಟ್ಟಡ. ಒಂದು ಕಡೆ ಕೈ ಹಾಕಿದ್ರೆ ಎಲ್ಲಾ ಕೂತ್ಕೊಳ್ಳುತ್ತೆ. ಪೂರ್ತಿ ತೆಗೆಯೋದು ಅಂತಲೇ ಆದೇಶ ಇದೆ. ಶನಿವಾರ ಹನ್ನೊಂದಕ್ಕೆ ಕೊನೇ ಅಳತೆ. ಅಷ್ಟರೊಳಗೆ ಅದೇ ಹಿಂದೆ ಸರಿದ್ರೆ ಸರಿ.”

ತಮಾಷೆ ಮಾಡಿದರೋ ಏನೋ, ಆ ಮುಖದಿಂದ ತಿಳಿಯುವಂತಿರಲಿಲ್ಲ. ಆಮೇಲೆ ಒಂದು ನಕ್ಷೆ ಬಿಡಿಸಿ ತೋರಿಸಿದರು. “ಇಪ್ಪತ್ತು ವರ್ಷದ ಹಿಂದೆ ಇದು ರಸ್ತೆ ಅಂಚಿನ ಗೀಟಿನ ಆಚೆಗೇ ಇತ್ತು ನೋಡಿ. ಆಮೇಲೆ ಮುಂದಕ್ಕೆ ಎಳೆದವರು ಯಾರು?”

“ಹನಿಮೂನಿನವರು ಸಾರ್” ಅಂದೆ.

ಜೀಪು ಹೋದ ಮೇಲೆ ಬಂಗಲೆ ಇಲ್ಲದ ರಸ್ತೆಯನ್ನು ಕಣ್ಮುಂದೆ ತಂದುಕೊಳ್ಳಲು ನೋಡಿದೆ, ಆಗಲಿಲ್ಲ. ಬೆಳಿಗ್ಗೆ ಎದ್ದು ನಾನು ಯಾರನ್ನು ಬಯ್ಯಲಿ? ಆದರೆ ಧೈರ್ಯಕ್ಕೇನೂ ಕಡಿಮೆ ಇರಲಿಲ್ಲ. ಒಂದು ಊರು ಒಂದು ವಾರದಲ್ಲಿ ಇಡೀ ಬಂಗಲೆಯನ್ನು ಗಾಡಿಯಷ್ಟು ಮಾಡಿತ್ತು. ಇಪ್ಪತ್ತಮೂರು ವರ್ಷ ಪಳಗಿದ ನಾಲಗೆಗೆ ಒಂಬತ್ತಡಿ ಯಾವ ಲೆಕ್ಕ? ಗುರುಸಿದ್ದಯ್ಯ ಮೇಷ್ಟ್ರಿಗೂ ಜೈಬುನ್ನಿಸಾಳಿಗೂ ‘ನನಗೆ ಬಿಡಿ’ ಎಂದು ಹೇಳಿ, ಬುಧವಾರ ಬೆಳಿಗ್ಗೆ ಪೋರ್ಟಿಕೊದ ಎದುರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತೆ.

“ಏನೋ ಮುಂಡೇದೇ, ರಸ್ತೆಗೆ ಬಂದು ಮಲಗಿದ್ದೀಯ? ಮನೆ ಇಲ್ವಾ ನಿನಗೆ? ನಿನ್ನ ಕಂಬ ನೋಡು, ಆನೆಕಾಲು ರೋಗ ಬಂದ ಹಾಗೆ. ಎಡಗಡೆ ಕಂಬದ ಬುಡದಲ್ಲಿ ಆ ಬಿರುಕು, ಅದಕ್ಕೆ ನಾನು ನಾಲ್ಕು ಸಲ ಸುಣ್ಣ ತುಂಬಿಸಿದೆ, ನಾಲ್ಕು ಸಲವೂ ನೀನು ಉಗುಳಿದೆ. ಗುಬ್ಬಿಗೆ ಜಾಗ ಕೊಟ್ಟೆ, ಅಳಿಲಿಗೆ ಕೊಟ್ಟೆ, ಪೋಸ್ಟ್‌ಮ್ಯಾನ್‌ಗೆ ಮಧ್ಯಾಹ್ನ ನಿದ್ದೆ ಮಾಡೋಕೂ ಕೊಟ್ಟೆ, ನನಗೆ ಒಂದು ದಿನ ನೆಮ್ಮದಿ ಕೊಟ್ಟಿದ್ದೀಯಾ?”

ಹೀಗೆ ಸಂಜೆ ಐದರವರೆಗೆ. ಆಮೇಲೆ ರೂಢಿಯಂತೆ ನನ್ನ ಹಗ್ಗ ತಂದೆ. ರಸ್ತೆಯಾಚೆಯ ಮೈಲಿಗಲ್ಲಿಗೆ ಒಂದು ತುದಿ, ಪೋರ್ಟಿಕೊದ ಕಂಬಕ್ಕೆ ಇನ್ನೊಂದು ತುದಿ ಹಿಡಿದು ದಿನಾ ಸಂಜೆ ನೋಡುವುದು ನನ್ನ ಕೆಲಸದ ಭಾಗ. ಕಂಬ ಹಿಂದೆ ಸರಿದಿದ್ದರೆ ಹಗ್ಗ ಸಾಲಬಾರದು. ಸಾಲುವುದಿರಲಿ, ಜೋತುಬಿತ್ತು. ಹಾಳು ಹಗ್ಗ ಮತ್ತೆ ಹಿಗ್ಗಿದೆ ಎಂದುಕೊಂಡೆ. ಈ ಕೆಲವು ವರ್ಷಗಳಿಂದ ಅದು ಹಾಗೇ. ಆಗಾಗ ಹಿಗ್ಗುತ್ತದೆ, ನಾನು ಹೆಚ್ಚಿಗೆಯ ತುಂಡನ್ನು ಕತ್ತರಿಸಿ ಟಿಕೆಟ್ ಮೇಜಿನ ಕೆಳಗೆ ಎಸೆಯುತ್ತೇನೆ. ಆದರೆ ಮೇಷ್ಟ್ರು ಮನೆಯಿಂದ ಕಬ್ಬಿಣದ ಟೇಪು ತಂದು ಅಳೆದರು. ರಸ್ತೆಯೊಳಗೆ ಹತ್ತಡಿ ತೋರಿಸಿತು.

“ಒಬ್ಬರ ಬಾಯಿ ಸಾಲಲ್ಲ ಕಣಮ್ಮ,” ಅಂದರು ಮೇಷ್ಟ್ರು. “ಊರೇ ಬಯ್ಯಬೇಕು.”

ಗುರುವಾರ ಊರೇ ಬಂತು. ಅಂಗಡಿಗಳ ಬಾಗಿಲು ಹಾಕಿ, ಹಿಟ್ಟಿನ ಗಿರಣಿ ನಿಲ್ಲಿಸಿ, ಕೈಗೂಸುಗಳನ್ನು ಸೊಂಟದಲ್ಲಿಟ್ಟುಕೊಂಡು ಜನ ಬಂದರು. ಅಂಥ ಬೈಗುಳದ ಹಬ್ಬವನ್ನು ನಾನು ಕಂಡಿರಲಿಲ್ಲ. ಡ್ಯಾನ್ಸ್ ಹಾಲಿನ ಮನೆತನದವರು ಅದರ ನೆಲಹಾಸಿನಲ್ಲಿ ಸವೆದ ಹಲಗೆಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆದು ಬೈದರು. ಪೂರ್ವದ ಗೋಪುರದವರು ತಮ್ಮ ಗೋಪುರ ಪಶ್ಚಿಮದ್ದಕ್ಕಿಂತ ಹೆಚ್ಚು ಸೋರುತ್ತದೆಂದು ವಾದ ಹೂಡಿದರು, ಪಶ್ಚಿಮದವರು ಒಪ್ಪಲಿಲ್ಲ. ಜೈಬುನ್ನಿಸಾ ತನ್ನ ಮರದ ಟೋಪಿಗಳಿಗೆ “ಗೆದ್ದಲಿಗೆ ಊಟ ಹಾಕೋಕೇ ಹುಟ್ಟಿದವ್ರೇ” ಅಂದಳು. ಗುರುಸಿದ್ದಯ್ಯನವರು ಬಾಲ್ಕನಿಯ ಕೆಳಗೆ ನಿಂತು, ಜೀವನದಲ್ಲಿ ಮೊದಲ ಸಲ ವಲ್ಲಿ ತೆಗೆದು, “ನೀನು… ನೀನು ಸ್ವಲ್ಪ ವಾರೆ ಇದ್ದೀಯ” ಎಂದು ಹೇಳಿ ಅತ್ತುಬಿಟ್ಟರು. ಅಷ್ಟೂ ಜನ ನಕ್ಕು, ಬೈದು, ಕೆಮ್ಮಿ, ಟೀ ಕುಡಿದು ಮತ್ತೆ ಬೈದರು. ಸಂಜೆಗೆ ಎಲ್ಲರ ಗಂಟಲೂ ಕಟ್ಟಿತ್ತು.

ಪೋರ್ಟಿಕೊ ಹದಿಮೂರಡಿ ಮುಂದಿತ್ತು. ಕಂಬಗಳ ತಲೆಗೆ ಹೊಸದಾಗಿ ಗಾರೆಯ ಹೂವುಗಳು ಬಿಟ್ಟಿದ್ದವು.

ಲೋಟ ತೊಳೆಯುತ್ತಿದ್ದ ಜೈಬುನ್ನಿಸಾ ತಲೆ ಎತ್ತಿ ನನ್ನನ್ನೇ ಒಂದು ಗಳಿಗೆ ನೋಡಿದಳು.

“ಚೆನ್ನಾಜಕ್ಕ, ಒಂದ್ ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬಾರ್ದು.”

“ಹೇಳೇ.”

“ನಮ್ ಮನೆಯೋರ್ನ ನಾನು ದಿನಾ ಬೈತೀನಿ. ಮೂವತ್ತು ವರ್ಷ ಆಯ್ತು. ಒಂದ್ ದಿನ ಬೈದಿಲ್ಲ ಅಂದ್ರೆ ‘ಯಾಕೆ ಜೈಬು, ಮೈಗೆ ಹುಷಾರಿಲ್ವಾ’ ಅಂತಾರೆ. ನೀನು ಬೈಯೋದೂ ಅಂಗೇ ಐತೆ ಅಕ್ಕ. ಅದಕ್ಕೆ ಗೊತ್ತಾಗ್ಬಿಟ್ಟೈತೆ.”

ನಾನು ಒಳಗೆ ಹೋಗಿ ಟಿಕೆಟ್ ಮೇಜಿನ ಕೆಳಗೆ ಕೈ ಹಾಕಿದೆ. ನಿನ್ನೆಯ ತುಂಡನ್ನು ಬಿಟ್ಟು ಉಳಿದ ಹಗ್ಗದ ತುಂಡುಗಳನ್ನೆಲ್ಲ ಎಳೆದು, ನೆಲದ ಮೇಲೆ ಒಂದರ ಹಿಂದೊಂದು ಜೋಡಿಸಿ ಮೇಷ್ಟ್ರ ಟೇಪಿನಲ್ಲಿ ಅಳೆದೆ. ಸರಿಯಾಗಿ ಒಂಬತ್ತಡಿ. ಹಗ್ಗ ಒಂದು ದಿನವೂ ಹಿಗ್ಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಬಂಗಲೆಯನ್ನು ಕಂಡರೆ ನನಗೆ ನಿಜವಾಗಿ ಆಗುತ್ತಿರಲಿಲ್ಲ. ಆಗ ನನ್ನ ಬೈಗುಳಕ್ಕೆ ಗೋಡೆಗಳು ನಡುಗಿ ಕುಗ್ಗುತ್ತಿದ್ದವು. ಯಾವಾಗ ಅದು ನಿಂತಿತೋ ನನಗೇ ತಿಳಿದಿರಲಿಲ್ಲ. ಮಳೆಗಾಲದಲ್ಲಿ ಒಬ್ಬ ಪ್ರವಾಸಿಯೂ ಬರದ ದಿನಗಳಲ್ಲಿ, ಕಸ ಗುಡಿಸುತ್ತ ನಾನೊಬ್ಬಳೇ ಅದನ್ನು ಬೈಯುತ್ತಿದ್ದೆನಲ್ಲ, ಆಗೆಲ್ಲ ಅದು ಬೆಳೆಯುತ್ತಿತ್ತು. ಹನಿಮೂನಿನವರ ತಪ್ಪೇನೂ ಇರಲಿಲ್ಲ. ಬಂಗಲೆಯನ್ನು ರಸ್ತೆಗೆ ಎಳೆದು ನಿಲ್ಲಿಸಿದವಳು ನಾನು. ನಾಚಿಕೆಯೋ, ಸಂಕಟವೋ, ಎರಡರ ನಡುವೆ ಒಂದು ಹುಚ್ಚು ಸಂತೋಷವೋ, ನೆಲದ ಮೇಲೆ ಕೂತು ನಗುತ್ತ ಅತ್ತೆ.

ಶುಕ್ರವಾರ ಊರವರು ಇನ್ನೊಂದು ಉಪಾಯ ಮಾಡಿದರು. ಬೈಯುವುದೂ ಬೇಡ, ಹೊಗಳುವುದೂ ಬೇಡ, ಅದರ ಕಡೆ ನೋಡುವುದೇ ಬೇಡ. ಎಲ್ಲರೂ ಆಕಾಶ ನೋಡಿಕೊಂಡು ರಸ್ತೆಯಲ್ಲಿ ಓಡಾಡಿದರು. ಇಬ್ಬರು ಚರಂಡಿಗೆ ಬಿದ್ದರು, ಒಬ್ಬ ತನ್ನದಲ್ಲದ ಎಮ್ಮೆಯನ್ನು ಮನೆಗೆ ಹೊಡೆದುಕೊಂಡು ಹೋದ. ಆದರೂ ಮೂಲೆ ತಿರುಗುವಾಗ ಪ್ರತಿಯೊಬ್ಬರೂ ಒಂದು ಸಲ ಕಳ್ಳನೋಟ ನೋಡಿಯೇ ನೋಡಿದರು. ಮೇಷ್ಟ್ರಂತೂ ಒಂಬತ್ತು ಸಲ ಮೂಲೆ ತಿರುಗಿದರು. ಪೋರ್ಟಿಕೊ ಒಂದಂಗುಲವೂ ಹಿಂದೆ ಹೋಗಲಿಲ್ಲ.

ಶನಿವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಶ್ರೀಪಾದ ರಾಯರ ಜೀಪು ಬಂತು. ಅದರ ಹಿಂದೆ ಬುಲ್ಡೋಜರ್. ರಾಯರು ಟೇಪು ಎಳೆದರು.

“ಹದಿಮೂರಡಿ. ಮಂಗಳವಾರಕ್ಕಿಂತ ನಾಲ್ಕಡಿ ಜಾಸ್ತಿ ಆಗಿದೆಯಲ್ಲಮ್ಮ.”

“ಸಾರ್, ಇನ್ನೊಂದು ವಾರ ಟೈಮ್ ಕೊಡಿ. ಕಾಲಿಗೆ ಬೀಳ್ತೀನಿ.”

“ಬೀಳ್ಬೇಡಿ. ನನಗೆ ಈ ಮನೆ ಮೇಲೇನೂ ದ್ವೇಷ ಇಲ್ಲ,” ಅಂದರು ರಾಯರು. “ನನಗೆ ಬೇಕಾದ್ದು ಅಗಲ ನಲವತ್ತಡಿ, ಎತ್ತರ ಹದಿನೆಂಟಡಿ, ಇಷ್ಟು ಖಾಲಿ ಜಾಗ. ಬಸ್ಸು ಲಾರಿ ಎಲ್ಲೂ ತಾಗದೆ ಹೋಗ್ಬೇಕು, ಅಷ್ಟೇ. ಅದರ ಮೇಲೆ ನೀವು ಆಕಾಶದಲ್ಲಿ ಮನೆ ಇಟ್ಕೊಳ್ಳಿ, ನನಗೇನಾಗ್ಬೇಕು?”

ನಾನು ಪೋರ್ಟಿಕೊ ಕಡೆ ತಿರುಗಿದೆ. ಇಪ್ಪತ್ತಮೂರು ವರ್ಷದಲ್ಲಿ ಸಾವಿರ ಸಲ ಜನರಿಗೆ ಹೇಳಿದ ಮಾತು, ಅವತ್ತು ನನ್ನ ತಲೆಗೆ ಹೋಯಿತು. ಪೋರ್ಟಿಕೊ ಅಂದರೆ ಗಾಡಿ ಕೆಳಗೆ ಹಾದು ಹೋಗಲಿಕ್ಕೆಂದು ಕಟ್ಟಿದ್ದು. ಮನೆಯ ಪಕ್ಕದ ಎರಡು ಕಂಬ ರಸ್ತೆಯ ಗೀಟಿನಿಂದ ಆಚೆಗೇ ಇದ್ದವು. ಮುಂದಿನ ಎರಡು ಮಾತ್ರ ರಸ್ತೆಯ ನಡುವೆ. ಅವು ಹಿಂದೆ ಬರುವುದಿಲ್ಲವೆಂದರೆ ಬೇಡ, ಪೂರ್ತಿ ಮುಂದೆ ಹೋಗಲಿ!

“ಜೈಬುನ್,” ಎಂದು ಕೂಗಿದೆ, “ನಿನ್ನ ಅಂಗಡಿ ಮುಂದೆ ಎರಡು ಕಂಬ ಬಂದ್ರೆ?”

ಅವಳಿಗೆ ಮರು ಮಾತು ಬೇಕಾಗಲಿಲ್ಲ. “ಬೆಂಚು ಎತ್ರೀ ಒಳಗೆ!” ಎಂದು ಗಂಡನಿಗೆ ಹೇಳಿ ತಾನೇ ಒಂದು ತುದಿ ಹಿಡಿದಳು.

ನಾನು ಊರವರಿಗೆ ಕೈಮುಗಿದೆ. “ಎಲ್ಲರೂ ಕೇಳಿ. ಹೊಗಳಿ. ಆದರೆ ಪೋರ್ಟಿಕೊ ಒಂದನ್ನೇ. ಯಾರಾದ್ರೂ ತಮ್ಮ ತಾತನ ಸುದ್ದಿ ಎತ್ತಿದ್ರೆ ನಾನು ಸುಮ್ನೆ ಬಿಡಲ್ಲ.” ಆಮೇಲೆ ರಸ್ತೆಯ ನಡುವೆ ನಿಂತು ಬಾಯಿ ತೆರೆದೆ. ಏನೂ ಬರಲಿಲ್ಲ. ಅಷ್ಟು ವರ್ಷ ಒಂದೇ ಕಡೆ ತಿರುಗಿದ ನಾಲಗೆ ಇನ್ನೊಂದು ಕಡೆಗೆ ಹೊರಳಲೊಲ್ಲದು. “ನೀನು…” ಅಂದೆ. “ನೀನು ಅಷ್ಟೇನೂ… ಕೆಟ್ಟದಾಗಿಲ್ಲ.” ಕಂಬ ಒಂದಂಗುಲ ಅಲುಗಿತು. ಬುಲ್ಡೋಜರ್‌ನವನು ನಕ್ಕ. ಆ ನಗು ಕೇಳಿದ್ದೇ ತಡ, ನನ್ನೊಳಗೆ ಕಟ್ಟೆ ಒಡೆದುಹೋಯಿತು.

“ನಿನ್ನ ಕೆಳಗೆ ನಿಂತು ಮಳೆ ನಿಲ್ಲಲಿ ಅಂತ ಕಾದವರು ಒಬ್ಬರೂ ನೆಂದಿಲ್ಲ. ನಿನ್ನಂಥ ನೆರಳು ಈ ಊರಲ್ಲಿ ಯಾವ ಮರಕ್ಕೂ ಇಲ್ಲ. ಮೊದಲ ಮಳೆ ಬಿದ್ದಾಗ ನಿನ್ನ ಸುಣ್ಣದಿಂದ ಬರೋ ವಾಸನೆಗೆ ನಾನು ಬೆಳಿಗ್ಗೆ ಬೆಳಿಗ್ಗೆ ಓಡಿ ಬರ್ತಿದ್ದೆ, ಕೆಲಸಕ್ಕಲ್ಲ. ಎಷ್ಟು ಚೆನ್ನಾಗಿದ್ದೀಯೋ ಮಹರಾಯ! ಎಷ್ಟು ಚೆನ್ನಾಗಿದ್ದೀಯ!”

ಊರವರು ದನಿಗೂಡಿಸಿದರು. ‘ಕಂಬ ಅಂದ್ರೆ ಕಂಬ!’ ‘ಚಾವಣಿ ನೋಡ್ರಪ್ಪ, ಸಾಕ್ಷಾತ್ ಮೋಡ!’ ಮುಂದಿನ ಎರಡು ಕಂಬಗಳೂ, ಸೀರೆಯ ನೆರಿಗೆ ಎತ್ತಿ ಹಿಡಿದು ಕೊಚ್ಚೆ ದಾಟುವ ಹೆಂಗಸಿನ ಹಾಗೆ, ನೆಲದಿಂದ ಒಂದಿಷ್ಟು ಮೇಲೆದ್ದು ಹೆಜ್ಜೆ ಹಾಕಿದವು. ಚಾವಣಿ ಹಿಂದಿನಿಂದ ಹಿಗ್ಗುತ್ತ, ಏರುತ್ತ ಬಂತು. ಗುಬ್ಬಿಗಳೆಲ್ಲ ಚೀರಿಕೊಂಡು ಹಾರಿದವು. ರಾಯರು ಟೇಪಿನ ತುದಿ ಹಿಡಿದು ಕಂಬದ ಜೊತೆ ಹಿಮ್ಮುಖವಾಗಿ ನಡೆಯುತ್ತ “ಇಪ್ಪತ್ತೆರಡು… ಇಪ್ಪತ್ತೇಳು…” ಎಂದು ಕೂಗತೊಡಗಿದರು. ಆ ಸಂಭ್ರಮದಲ್ಲಿ ಗುರುಸಿದ್ದಯ್ಯ ಮೇಷ್ಟ್ರು ತಡೆದುಕೊಳ್ಳಲಾರದೆ, “ಇದನ್ನ ಆ ಮುದ್ದಾದ ಬಾಲ್ಕನಿಯಿಂದ ನೋಡಿದ್ರೆ…” ಅಂದುಬಿಟ್ಟರು. ಬಾಲ್ಕನಿ ಧಡಕ್ಕನೆ ಚಾಚಿಕೊಂಡು ಅಂಚೆ ಕಚೇರಿಯ ಬೋರ್ಡನ್ನು ಕೆಡವಿತು.

“ಬಾಲ್ಕನಿ ಸುದ್ದಿ ಬೇಡ ಮೇಷ್ಟ್ರೇ!” ಎಂದು ಇಡೀ ಊರು ಅರಚಿತು. ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಕಣ್ಣು ಮಾತ್ರ ಹೊಳೆಯುತ್ತಿತ್ತು.

“ಮೂವತ್ತಾರು… ಮೂವತ್ತೊಂಬತ್ತು…” ಕಂಬಗಳು ಜೈಬುನ್ನಿಸಾಳ ಅಂಗಡಿಯ ಮುಂದೆ ನೆಲಕ್ಕಿಳಿದು ನಿಂತವು. ಟೇಪು ಬಿಗಿಯಾಯಿತು. ರಾಯರು ಬಗ್ಗಿ ನೋಡಿದರು. “ಮೂವತ್ತೊಂಬತ್ತೂವರೆ.”

ಹೊಗಳಿಕೆ ಇನ್ನಷ್ಟು ಜೋರಾಯಿತು. ಕಂಬ ಅಲುಗಲಿಲ್ಲ. ಇದ್ದಬದ್ದ ಮಾತೆಲ್ಲ ಖರ್ಚಾಗಿ, ಗುರುವಾರದ ಗಂಟಲು ಮತ್ತೆ ಕಟ್ಟಿ, ಕೊನೆಗೆ ಒಬ್ಬಿಬ್ಬರ ಕೀರಲು ದನಿಯಷ್ಟೇ ಉಳಿಯಿತು. ಅದೂ ನಿಂತಿತು.

“ಅರ್ಧ ಅಡಿ ಕಡಿಮೆ ಬಿತ್ತು,” ಅಂದರು ರಾಯರು. ಮೊದಲ ಸಲ ಅವರ ದನಿಯಲ್ಲಿ ಏನೋ ಇತ್ತು. “ನಿಯಮ ನಿಯಮವೇ ಅಮ್ಮ. ಆಗಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ರಾಯರ ಮೇಲಲ್ಲ. ಸೀದಾ ಹೋಗಿ ಕಂಬಕ್ಕೆ ಅಂಗೈಯಿಂದ ರಪ್ಪನೆ ಬಾರಿಸಿದೆ.

“ಥೂ ನಿನ್ನ! ಬೇಡದಾಗ ಒಂಬತ್ತಡಿ ಬೆಳೀತೀಯ, ಬೇಕಾದಾಗ ಅರ್ಧ ಅಡಿಗೆ ಬಿಂಕ ಮಾಡ್ತೀಯಾ? ಇಷ್ಟು ಜನ ಗಂಟಲು ಹರ್ಕೊಂಡು ನಿಂತವ್ರೆ, ಕಾಣ್ಸಲ್ವಾ ಕಣ್ಣಿಗೆ? ನೀನು ಹೋದ್ರೆ ನಾನೇನು ಮಾಡ್ಲೋ ಸೋಮಾರಿ ಮುಂಡೇದೇ? ಎತ್ತು ಕಾಲು!”

ಎತ್ತಿತು. ಒಂದೇ ಹೆಜ್ಜೆಗೆ ಎರಡಡಿ ಹಾರಿ, ಜೈಬುನ್ನಿಸಾಳ ಚರಂಡಿಯ ಕಲ್ಲನ್ನು ದಾಟಿ, ಸೂರಿಗೆ ಮೈ ತಾಗಿಸಿ ಕೂತಿತು. ಟೇಪು ರಾಯರ ಕೈಯಿಂದ ಕಿತ್ತುಹೋಯಿತು. ಅವರು ಅದನ್ನು ಹೆಕ್ಕಿಕೊಂಡು ಮತ್ತೆ ಹಿಡಿದರು. “ನಲವತ್ತೊಂದೂವರೆ.” ಬಿದಿರ ಕೋಲು ತರಿಸಿ ಎತ್ತರ ಅಳೆಸಿದರು. “ಇಪ್ಪತ್ತೊಂದು.” ಆಮೇಲೆ ಕತ್ತು ಎತ್ತಿ, ರಸ್ತೆಯ ಇಡೀ ಅಗಲಕ್ಕೆ ಒಂದೇ ಹರವಾಗಿ ನಿಂತ ಆ ಚಾವಣಿಯನ್ನು ನೋಡಿದರು, ನೋಡುತ್ತಲೇ ಇದ್ದರು, ಅವರ ಬಾಯಿಂದ ಅವರಿಗೇ ಗೊತ್ತಿಲ್ಲದೆ “ಭೇಷ್!” ಎಂದು ಬಂತು. ಅವರ ತಲೆಯ ಮೇಲೆ ಸರಿಯಾಗಿ ಗಾರೆಯ ಮಾವಿನಕಾಯಿಗಳ ಒಂದು ಗೊಂಚಲು ಮೂಡಿತು.

ಹನ್ನೊಂದೂವರೆಯ ಬಸ್ಸು ಬಂತು. ಡ್ರೈವರ್ ವೇಗ ತಗ್ಗಿಸಿ, ಎಷ್ಟೋ ಎತ್ತರವಿದ್ದರೂ ತಲೆ ಬಗ್ಗಿಸಿ, ಹಾರನ್ ಬಾರಿಸುತ್ತ ಕೆಳಗೆ ಹಾದುಹೋದ. ಜನ ಕುಣಿದರು. ಅಪರಿಚಿತರನ್ನು ತಬ್ಬಿಕೊಂಡರು, ನಮ್ಮೂರಲ್ಲಿ ಅಪರಿಚಿತರೇ ಇಲ್ಲವಾದ್ದರಿಂದ ಬುಲ್ಡೋಜರ್‌ನವನನ್ನೇ ಸರದಿಯಲ್ಲಿ ತಬ್ಬಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ.

ರಾಯರು ಟೀ ಅಂಗಡಿಯ ಕಟ್ಟೆಯ ಮೇಲೆ ಕೂತು ಒಂದು ಫಾರಂ ತೆಗೆದರು. “ಗಲಾಟೆ ಆಮೇಲೆ. ಸರ್ಕಾರಿ ರಸ್ತೆ ಮೇಲೆ ಹೊಸ ಕಟ್ಟಡ ಬಂದಿದೆ. ಕಟ್ಟಿದವರ ಹೆಸರು ಬರೀಬೇಕು. ಈ ಕಾಲಂ ಖಾಲಿ ಬಿಟ್ರೆ ಅನಧಿಕೃತ ಅಂತ ಆಗುತ್ತೆ, ಸೋಮವಾರ ಇದೇ ಬುಲ್ಡೋಜರ್ ವಾಪಸ್ ಬರುತ್ತೆ. ಕಟ್ಟಿದವರು ಯಾರು?”

“ವಿಲ್ಮಾಟ್ ದೊರೆ,” ಅಂದೆ, ಬಾಯಿಪಾಠದಂತೆ.

“ಇವತ್ತು ಬೆಳಿಗ್ಗೆ ಕಟ್ಟಿದ್ದನ್ನ ಕೇಳ್ತಿದ್ದೀನಮ್ಮ.”

ಗದ್ದಲ ತಾನಾಗಿ ಇಳಿಯಿತು. ಆ ಪ್ರಶ್ನೆಯನ್ನು ನಮ್ಮನ್ನು ಯಾರೂ ಎಂದೂ ಕೇಳಿರಲಿಲ್ಲ. ನಮ್ಮ ಹಿರಿಯರು ಅಂಜಿ ಅಂಜಿ ಆಡಿದ ಮಾತಿನಿಂದ ಎದ್ದ ನಲವತ್ತು ಕೋಣೆಗೂ ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿ ಇರುವುದು ಒಂದೇ ಹೆಸರು.

ಜೈಬುನ್ನಿಸಾ ಕೈ ಒರೆಸಿಕೊಂಡು ಮುಂದೆ ಬಂದಳು. “ಬರ್ಕೊಳ್ಳಿ ಸಾಹೇಬ್ರೇ. ಜೈಬುನ್ನಿಸಾ. ತಂದೆ ಇಮಾಮ್ ಸಾಬ್.”

ರಾಯರು ಬರೆದುಕೊಂಡರು. ಆಮೇಲೆ ನನ್ನ ಕಡೆ ನೋಡಿದರು. “ಚೆನ್ನಾಜಮ್ಮ,” ಅಂದೆ. “ತಂದೆ ಪುಟ್ಟಮಾದಯ್ಯ.” ನನ್ನ ಅಪ್ಪನ ಹೆಸರನ್ನು ಅಷ್ಟು ಗಟ್ಟಿಯಾಗಿ ನಾನು ಎಲ್ಲೂ ಹೇಳಿರಲಿಲ್ಲ. ಗುರುಸಿದ್ದಯ್ಯನವರು ಬಾಯಿಯ ಮೇಲಿನ ಕೈ ತೆಗೆದು ತಮ್ಮ ಹೆಸರು ಹೇಳಿದರು, ಹೇಳಿ ಮತ್ತೆ ಮುಚ್ಚಿಕೊಂಡರು. ಅವರ ಹಿಂದೆ ಸಾಲು ನಿಂತಿತು. ಗಿರಣಿಯವನು ಬಂದ, ಪೋಸ್ಟ್‌ಮ್ಯಾನ್ ಬಂದ, ಪೂರ್ವದ ಗೋಪುರದವರೂ ಪಶ್ಚಿಮದವರೂ ಜಗಳವಿಲ್ಲದೆ ಒಬ್ಬರ ಹಿಂದೊಬ್ಬರು ನಿಂತರು. ಕೈಗೂಸಿನ ತಾಯಂದಿರು ಕೂಸಿನ ಹೆಸರನ್ನೂ ಸೇರಿಸಬೇಕೆಂದು ಹಟ ಹಿಡಿದರು, ಅದೂ ಕಿರುಚಿತ್ತು, ನಾವು ಕೇಳಿದ್ದೇವೆ ಎಂದು. ಅಪ್ಪ ಯಾರೆಂದು ಗೊತ್ತಿಲ್ಲದವರು ಅವ್ವನ ಹೆಸರು ಹೇಳಿದರು. ರಾಯರು ಯಾರನ್ನೂ ತಡೆಯಲಿಲ್ಲ. ಕಾಲಂ ತುಂಬಿತು, ಫಾರಂ ತುಂಬಿತು, ಹಾಳೆಗಳನ್ನು ಸೇರಿಸಿ ಪಿನ್ ಹಾಕಿ ಬರೆದರು, ಒಂದು ಪೆನ್ನು ಮುಗಿದು ಎರಡನೆಯದು ತೆಗೆದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಾಲು ಮುಗಿಯಿತು. ಏಳನೆಯ ಹಾಳೆಯ ಕೊನೆಗೆ ಒಂದು ಗೆರೆಯಷ್ಟು ಜಾಗ ಉಳಿದಿತ್ತು. “ಇನ್ಯಾರಾದ್ರೂ ಇದ್ದೀರಾ?” ಎಂದು ರಾಯರು ಕೇಳಿದರು. ಯಾರೂ ಇರಲಿಲ್ಲ. ಅವರು ಪೆನ್ನಿನ ಟೋಪಿ ಹಾಕಿದರು. ಆಮೇಲೆ ಟೋಪಿ ಮತ್ತೆ ತೆಗೆದು, ಯಾರಿಗೂ ಕಾಣದಂತೆ ಎಡಗೈ ಅಡ್ಡ ಹಿಡಿದು ಆ ಗೆರೆಯಲ್ಲಿ ಏನೋ ಬರೆದರು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೆ ಕಂಡಿತು. ‘ಶ್ರೀಪಾದ ರಾವ್, ತಂದೆ ವಾಸುದೇವ ರಾವ್’ ಎಂದು ಬರೆದಿದ್ದರು.